ಹಿರಿಯರ ಮರದ ಸಾಮಾನುಗಳ ವಯಸ್ಸು ಮತ್ತು ಬೆಲೆ

ಶತಮಾನೋತ್ಸವದ ಸಿದ್ಧತೆಗಾಗಿ ಸಾಕ್ರಿಸ್ತಿಯ ಹಳೆಯ ಕಪಾಟನ್ನು ಗೋಡೆಯಿಂದ ಸರಿಸಿದಾಗ ನಾವು ಅದರ ಬೆನ್ನನ್ನು ಮೊತ್ತಮೊದಲಿಗೆ ಕಂಡೆವು. ಅದು ಇನ್ನೂರು ವರ್ಷದ್ದೆಂದು ಉಮ್ಮಚಗಿಯ ಹಿರಿಯರು ಹೇಳುತ್ತ ಬಂದಿದ್ದಾರೆ. ಅದೇ ವಾರ ನಮ್ಮ ಧರ್ಮಕೇಂದ್ರದ ಒಂದು ಕುಟುಂಬದವರು ಬಂದು, ಅಜ್ಜಿಯ ಬೀಟೆಮರದ ಪೆಟ್ಟಿಗೆಯನ್ನು ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನು ಕೇಳುತ್ತಿದ್ದಾನೆ, ಕೊಡಬಹುದೇ ಎಂದು ವಿಚಾರಿಸಿದರು. ಎರಡಕ್ಕೂ ಉತ್ತರವನ್ನು ಮರದಲ್ಲಿಯೇ ಹುಡುಕಬೇಕಾಯಿತು.

ಸಾಗವಾನಿ, ಬೀಟೆ, ಮತ್ತಿ, ಹೊನ್ನೆಗಳು ನಮ್ಮ ಘಟ್ಟದ ಕಾಡಿನವೇ. ಆದುದರಿಂದ ಮರದ ಜಾತಿಯಿಂದ ವಯಸ್ಸು ತಿಳಿಯುವುದಿಲ್ಲ. ಹಳೆಯ ಮನೆಯ ತೊಲೆಯನ್ನೇ ಸೀಳಿ ಹೊಸ ಮೇಜು ಮಾಡಿರಬಹುದು. ಕೆಲಸವನ್ನು ನೋಡಬೇಕು. ಒಬ್ಬನು ಮೇಲೆ, ಒಬ್ಬನು ಕೆಳಗೆ ನಿಂತು ಕೊಯ್ದ ಹಲಗೆಯ ಮೇಲೆ ಗರಗಸದ ಗೀರುಗಳು ನೇರವಾಗಿದ್ದರೂ ಏರುಪೇರಾಗಿರುತ್ತವೆ. ಯಂತ್ರದ ಚಕ್ರಗರಗಸದ ಗೀರುಗಳು ಬಿಲ್ಲಿನಂತೆ ಬಾಗಿರುತ್ತವೆ. ಕಮ್ಮಾರನು ಬಡಿದ ಮೊಳೆ ಚೌಕ. ತಂತಿಯಿಂದ ಮಾಡಿದ ದುಂಡು ಮೊಳೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಳಕೆಗೆ ಬಂದಿತು. ತುದಿ ಚೂಪಾದ ತಿರುಪುಮೊಳೆಯೂ ಆ ಶತಮಾನದ ಮಧ್ಯಭಾಗಕ್ಕಿಂತ ಹಿಂದಿನದಲ್ಲ. ಬೆನ್ನಿಗೆ ಪ್ಲೈವುಡ್ ಹೊಡೆದಿದ್ದರೆ ಆ ಭಾಗ ಇಪ್ಪತ್ತನೆಯ ಶತಮಾನದ್ದು. ಒಂದು ಮೊಳೆ ಹೊಸದೆಂದ ಮಾತ್ರಕ್ಕೆ ಕಪಾಟೇ ಹೊಸದಾಗದು. ದುರಸ್ತಿ ಎಲ್ಲ ಮನೆಯಲ್ಲಿಯೂ ನಡೆಯುತ್ತದೆ.

ನಮ್ಮ ಕಪಾಟಿನ ಬೆನ್ನಿನಲ್ಲಿ ಕೈಗರಗಸದ ಗೀರುಗಳಿವೆ. ನಾವು ಹಿಗ್ಗಿದೆವು. ಆದರೆ ಮಲೆನಾಡಿನಲ್ಲಿ ಯಂತ್ರ ಬಂದ ಬಳಿಕವೂ ಕೈಗರಗಸ ನಿಲ್ಲಲಿಲ್ಲ. ಬಾಗಿಲಿನ ಕೀಲುಗಳನ್ನು ಬಿಚ್ಚಿ ನೋಡಿದರೆ ತಿರುಪುಗಳೆಲ್ಲ ಚೂಪು. ಹಿಂದಿನ ತೂತುಗಳ ಗುರುತೂ ಇಲ್ಲ. ಇನ್ನೂರು ವರ್ಷದ ಮಾತನ್ನು ಅಲ್ಲಿಗೇ ಬಿಟ್ಟೆವು. ಹಿರಿಯರು ಕ್ಷಮಿಸಬೇಕು.

ಮರ ಹೇಳದುದನ್ನು ಕಾಗದ ಹೇಳೀತು. ಚರ್ಚಿನ ಲೆಕ್ಕಪುಸ್ತಕ, ಮನೆಯ ಪಾಲುಪತ್ರ, ಮದುವೆಯ ಹಳೆಯ ಛಾಯಾಚಿತ್ರ, ಇವನ್ನು ಎಸೆಯಬೇಡಿರಿ. ಬೆಳಗಾವಿ ಧರ್ಮಪ್ರಾಂತವಾದುದು 1953ರಲ್ಲಿ, ಅದರಿಂದ ಕಾರವಾರ ಬೇರೆಯಾದುದು 1976ರಲ್ಲಿ. ಆದುದರಿಂದ ನಮ್ಮ ಸೀಮೆಯ ಚರ್ಚುಗಳ ಕಾಗದಗಳನ್ನು ಒಂದೇ ಕಡೆಯಲ್ಲಿ ಹುಡುಕಿದರೆ ಸಾಲದು.

ಬೆಲೆಯ ವಿಷಯ ಬೇರೆ. ವಯಸ್ಸಾದುದೆಲ್ಲ ಬೆಲೆಯುಳ್ಳದ್ದಲ್ಲ. ಕುಶಲತೆ, ಮರ, ಕೆಡದ ಸ್ಥಿತಿ, ಯಾರ ಮನೆಯದೆಂಬ ಆಧಾರ, ಇವೆಲ್ಲ ಸೇರಬೇಕು. ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ತರುಣ ಗುರುವಾಗಿದ್ದಾಗ ಬೇರೊಂದು ಊರಿನಲ್ಲಿ, ಅರಗಿನ ಪಾಲಿಶಿನ ಹಳೆಯ ಕುರ್ಚಿಯೊಂದನ್ನು ಮರಳುಕಾಗದದಿಂದ ಉಜ್ಜಿಸಿ ಹೊಳೆಯುವ ವಾರ್ನಿಶು ಹಚ್ಚಿಸಿದೆವು. ಕೈಯಾಡಿ ಕಪ್ಪಾಗಿದ್ದ ಆ ತೋಳುಗಳ ಬಣ್ಣ ಮರಳಿ ಬರಲಿಲ್ಲ. ಮೆತ್ತನೆಯ ಒಣಬಟ್ಟೆಯಿಂದ ಒರೆಸಿದ್ದರೆ ಸಾಕಾಗಿತ್ತು.

ಕಾನೂನನ್ನೂ ತಿಳಿದಿರಬೇಕು. 1972ರ ಪುರಾತನ ವಸ್ತುಗಳ ಅಧಿನಿಯಮವು 1976ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅದರಂತೆ ನೂರು ವರ್ಷ ದಾಟಿದ ಕಲಾಕುಶಲ ವಸ್ತುವು ಪುರಾತನ ವಸ್ತು. ಅಂಥದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ, ಪರವಾನಿಗೆಯಿಲ್ಲದೆ ಅದರ ವ್ಯಾಪಾರ ನಡೆಸುವಂತೆಯೂ ಇಲ್ಲ. ಗೋವೆಯಲ್ಲಿ ಚರ್ಚುಗಳ ಹಳೆಯ ವಸ್ತುಗಳನ್ನು ಕಾಪಾಡಲು 1994ರಲ್ಲಿ ರಾಶೋಲ್ ಸೆಮಿನರಿಯಲ್ಲಿ ಕ್ರೈಸ್ತ ಕಲೆಯ ವಸ್ತುಸಂಗ್ರಹಾಲಯ ತೆರೆಯಿತು. ಈಗ ಅದು ಹಳೆಯ ಗೋವೆಯ ಸಾಂತಾ ಮೋನಿಕಾ ಮಠದಲ್ಲಿದೆ. ಹೋದವರು ಅಲ್ಲಿಯ ಕೆತ್ತನೆಯನ್ನು ನೋಡಿ ಬರಲಿ.

ಆ ಕುಟುಂಬದ ಪೆಟ್ಟಿಗೆಯನ್ನೂ ನಾವು ನೋಡಿದೆವು. ಮೊಳೆಗಳೆಲ್ಲ ಚೌಕ. ಮುಚ್ಚಳದ ಒಳಗೆ ಆಚಾರಿಯು ಸೀಸದಕಡ್ಡಿಯಿಂದ ಬರೆದ ಅಳತೆಗಳು ಇನ್ನೂ ಇದ್ದವು. ಕೊಡುವ ಬೆಲೆಯನ್ನೂ ಪರವಾನಿಗೆಯ ಸಂಖ್ಯೆಯನ್ನೂ ಬರೆದು ಸಹಿ ಹಾಕಿಕೊಡುವಂತೆ ವ್ಯಾಪಾರಿಯನ್ನು ಕೇಳಿರೆಂದು ಹೇಳಿ ಕಳುಹಿಸಿದೆವು. ಅವರು ಕೇಳಿದರು. ಅವನು ಮತ್ತೆ ಬರಲಿಲ್ಲ.