ನಿಂಬೆಹಣ್ಣಿನಷ್ಟು

ಚಿಕ್ಕಮ್ಮನಿಗೆ ಆಪರೇಷನ್ ಆದ ವಾರ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಗೆಡ್ಡೆ ಎಷ್ಟು ದೊಡ್ಡದಿತ್ತಂತೆ?" ಅಡಿಕೆಯಷ್ಟೋ ನಿಂಬೆಹಣ್ಣಿನಷ್ಟೋ ಎಂದು ಅಳೆಯುವುದು ನಮಗೆ ರೂಢಿ. ನಿಂಬೆಹಣ್ಣಿನಷ್ಟು ಎಂದೊಡನೆ ಬಂದವರ ಮುಖ ಬಾಡುತ್ತಿತ್ತು. ಗುದನಾಳದ ಕ್ಯಾನ್ಸರ್ ಎಂದು ಬಾಯಿಬಿಟ್ಟು ಹೇಳಲು ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. 'ಹೊಟ್ಟೆಯ ಆಪರೇಷನ್' ಎಂದೇ ಸಾರಿದ್ದೆವು. ರಕ್ತ ಹೋಗುತ್ತಿದ್ದುದನ್ನು ಚಿಕ್ಕಮ್ಮ ಎಂಟು ತಿಂಗಳು ಮೂಲವ್ಯಾಧಿಯೆಂದು ಮುಚ್ಚಿಟ್ಟಿದ್ದರು. ಗಂಡಸು ಡಾಕ್ಟರ ಮುಂದೆ ಹೇಳುವುದು ಹೇಗೆ ಎಂಬ ಸಂಕೋಚ. ಆ ಎಂಟು ತಿಂಗಳು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ತಿಳಿಯುವುದಿಲ್ಲ.

ಆ ನಿಂಬೆಹಣ್ಣೇ ನನ್ನನ್ನು ಪುಸ್ತಕ ಹುಡುಕಲು ಹಚ್ಚಿತು. 1932ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್‌ಬರ್ಟ್ ಡ್ಯೂಕ್ಸ್ ಎಂಬ ವೈದ್ಯರು, ಕತ್ತರಿಸಿ ತೆಗೆದ ಗುದನಾಳಗಳನ್ನು ಪರೀಕ್ಷಿಸಿ ಈ ರೋಗವನ್ನು ಮೂರು ಬಗೆ ಮಾಡಿದರು. ಕರುಳಿನ ಗೋಡೆಯೊಳಗೇ ಇದ್ದರೆ 'ಎ', ಗೋಡೆ ದಾಟಿದ್ದರೆ 'ಬಿ', ಹತ್ತಿರದ ದುಗ್ಧಗ್ರಂಥಿಗಳಿಗೆ ಹಬ್ಬಿದ್ದರೆ 'ಸಿ'. ಗೆಡ್ಡೆ ಎಷ್ಟು ದಪ್ಪ ಎಂಬುದಕ್ಕೆ ಅದರಲ್ಲಿ ಜಾಗವೇ ಇಲ್ಲ! ಮನೆಗೋಡೆಯಲ್ಲಿ ಅರಳಿ ಸಸಿ ಹುಟ್ಟಿದಾಗ ನಾವು ನೋಡುವುದೂ ಬೇರು ಎಲ್ಲಿಯವರೆಗೆ ಇಳಿದಿದೆ ಎಂದೇ ಅಲ್ಲವೇ, ಎಲೆ ಎಷ್ಟಿವೆ ಎಂದಲ್ಲ. ಇಂದಿಗೂ ವೈದ್ಯರು ಗುದನಾಳದ ಕ್ಯಾನ್ಸರಿನ ಹಂತ ನಿರ್ಧರಿಸುವುದು ಆಳವನ್ನೂ ಹಬ್ಬುವಿಕೆಯನ್ನೂ ನೋಡಿಯೇ.

ಚಿಕ್ಕಮ್ಮನ ರಿಪೋರ್ಟಿನಲ್ಲಿ ಇನ್ನೊಂದು ಅಂಕಿ ಇತ್ತು: ಸಿ.ಇ.ಎ. 18. ಅದರ ಕಥೆ ಕೆನಡಾದ್ದು. 1965ರಲ್ಲಿ ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಒಬ್ಬರದೇ ಕರುಳಿನ ರೋಗದ ಭಾಗವನ್ನೂ ಆರೋಗ್ಯದ ಭಾಗವನ್ನೂ ಹೋಲಿಸಿ, ಗೆಡ್ಡೆಯಲ್ಲಿ ಮಾತ್ರ ಒಂದು ವಸ್ತುವನ್ನು ಕಂಡರು. ವಿಚಿತ್ರವೆಂದರೆ, ಗರ್ಭದಲ್ಲಿರುವ ಶಿಶುವಿನ ಕರುಳಿನಲ್ಲೂ ಅದೇ ವಸ್ತು ಇತ್ತು. ಹುಟ್ಟುವ ಮೊದಲೇ ದೇಹ ಮುಚ್ಚಿಟ್ಟ ಪುಟವನ್ನು ರೋಗ ಮತ್ತೆ ತೆರೆದಂತೆ. 1969ರಲ್ಲಿ ಅದನ್ನು ರಕ್ತದಲ್ಲೇ ಅಳೆಯುವ ಪರೀಕ್ಷೆ ಬಂದಾಗ, ಇನ್ನು ಒಂದು ತೊಟ್ಟು ರಕ್ತದಲ್ಲಿ ಕ್ಯಾನ್ಸರ್ ಹಿಡಿಯಬಹುದೆಂಬ ಆಸೆ ಹುಟ್ಟಿತು.

ಆಸೆ ಪೂರ್ತಿ ಕೈಗೂಡಲಿಲ್ಲ. ಸಿಗರೇಟು ಸೇದುವವರಲ್ಲೂ ಯಕೃತ್ತಿನ ಕಾಯಿಲೆಯವರಲ್ಲೂ ಅಂಕಿ ಏರುತ್ತಿತ್ತು. ರೋಗ ಮೊಳೆಯುವಾಗ ಎಷ್ಟೋ ಜನರಲ್ಲಿ ಏರುತ್ತಲೇ ಇರಲಿಲ್ಲ. ಆದರೂ ಪರೀಕ್ಷೆ ಉಳಿದುಕೊಂಡಿತು, ಬೇರೆ ಕೆಲಸಕ್ಕೆ. ಆಪರೇಷನ್ನಿಗೆ ಮುಂಚೆ ಅಂಕಿ ಐದನ್ನು ಮೀರಿದ್ದರೆ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ. ಆಮೇಲೆ ಅದು ಇಳಿಯಬೇಕು. ಇಳಿದದ್ದು ಮತ್ತೆ ಏರತೊಡಗಿದರೆ ರೋಗ ಮರಳಿದೆಯೇ ಎಂದು ಹುಡುಕಬೇಕು.

ಚಿಕ್ಕಮ್ಮನದು ಆರು ವಾರಕ್ಕೆ 3ಕ್ಕೆ ಇಳಿಯಿತು. "ಅಷ್ಟೇನೇ? ಹಾಗಾದ್ರೆ ನಿಂಬೆಹಣ್ಣಿನ ವಿಷ್ಯ ಬಿಟ್ಟುಬಿಡೋಣ" ಎಂದು ನಕ್ಕರು. ಅಂದಿನಿಂದ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖಿನೊಂದಿಗೆ ಅಂಕಿ ಬರೆದಿಡುತ್ತಾರೆ. 18, 3, 2.6. ನಾಲ್ಕನೆಯ ಸಾಲಿನಲ್ಲಿ ತಾರೀಖು ಮಾತ್ರ ಇದೆ. ರಿಪೋರ್ಟು ಗುರುವಾರ ಬರಬೇಕು.