ಅರಳಿಕಟ್ಟೆಗೆ ಬಂದ ಕಂಪ್ಯೂಟರ್

ಹಿಂದಿ ಸೀಮೆಯ ಹಳ್ಳಿಗಳಲ್ಲಿ ನಾಲ್ಕು ಜನ ಸೇರಿ ಮಾತನಾಡುವ ಜಾಗಕ್ಕೆ ಚೌಪಾಲ್ ಎನ್ನುತ್ತಾರೆ. ನಮ್ಮ ಕಡೆಯ ಅರಳಿಕಟ್ಟೆ ಇದ್ದಂತೆ. 2000ದ ಜೂನ್ ತಿಂಗಳಲ್ಲಿ ಐಟಿಸಿ ಕಂಪೆನಿ ಮಧ್ಯಪ್ರದೇಶದ ಸೋಯಾ ಬೆಳೆಯುವ ಹಳ್ಳಿಗಳಿಗೆ ಕಂಪ್ಯೂಟರ್ ತಂದು 'ಇ-ಚೌಪಾಲ್' ಎಂದು ಹೆಸರಿಟ್ಟಿತು. ಸಿಗರೇಟಿನಿಂದ ಹೆಸರಾದ ಕಂಪೆನಿಗೆ ರೈತರ ಮೇಲೆ ದಿಢೀರನೆ ಮಮತೆ ಉಕ್ಕಿತೆಂದೇನೂ ಅಲ್ಲ. ದಲ್ಲಾಳಿಗಳ ಕೈ ದಾಟಿ ಬರುವ ಮಾಲು ಅದಕ್ಕೆ ದುಬಾರಿಯಾಗುತ್ತಿತ್ತು.

ರೈತನ ಪಾಡು ಇನ್ನೂ ಕಷ್ಟದ್ದು. ಆಗಿನ ಕಾನೂನಿನ ಪ್ರಕಾರ ಮಂಡಿಯಲ್ಲೇ ಮಾರಬೇಕಿತ್ತು. ಅಲ್ಲಿಗೆ ಹೋದ ಮೇಲೆಯೇ ಅಂದಿನ ಧಾರಣೆ ತಿಳಿಯುವುದು. ದರ ಹಿಡಿಸದಿದ್ದರೆ ಮಾಲು ವಾಪಸು ಒಯ್ಯಬಹುದು, ಆದರೆ ಗಾಡಿ ಬಾಡಿಗೆ ಕೊಡುವವರು ಯಾರು? ಕೈತಕ್ಕಡಿಯ ತೂಕದಲ್ಲಿ ಒಂದಿಷ್ಟು, ನೆಲಕ್ಕೆ ಚೆಲ್ಲಿದ ಕಾಳಿನಲ್ಲಿ ಒಂದಿಷ್ಟು ಕಳೆದುಹೋಗುತ್ತಿತ್ತು. ಹಣವೂ ಎಷ್ಟೋ ಸಲ ತಡವಾಗಿಯೇ ಕೈಸೇರುತ್ತಿತ್ತು.

ಐಟಿಸಿ ಮಂಡಿಯ ತೆರಿಗೆ ಕಟ್ಟುತ್ತಲೇ ಹೊರಗೆ ಖರೀದಿಸಲು ಸರ್ಕಾರದ ಒಪ್ಪಿಗೆ ಪಡೆಯಿತು. ಊರಿನ ಒಬ್ಬ ರೈತನನ್ನು 'ಸಂಚಾಲಕ'ನಾಗಿ ಆರಿಸಿ ಅವನ ಮನೆಯಲ್ಲೇ ಕಂಪ್ಯೂಟರ್ ಇಡಲಾಯಿತು. ಎಲ್ಲರಿಗೂ ಸಮನಾಗಿ ನಡೆದುಕೊಳ್ಳುವುದಾಗಿ ಅವನು ಊರವರೆದುರು ಪ್ರಮಾಣ ಮಾಡಬೇಕಿತ್ತು. ಖರೀದಿಯಾದ ಮಾಲಿನ ಮೇಲೆ ಅವನಿಗೆ ಕಮಿಷನ್. ಕರೆಂಟನ್ನು ನೆಚ್ಚುವಂತಿರಲಿಲ್ಲವಾದ್ದರಿಂದ ಸೌರ ಫಲಕ ಬಂತು, ಟೆಲಿಫೋನ್ ಕೈಕೊಟ್ಟಾಗ ಉಪಗ್ರಹ ಸಂಪರ್ಕ ಬಂತು. ಮನೆಯಲ್ಲೇ ದರ ತಿಳಿದ ರೈತ ಕಂಪೆನಿಗೆ ಕೊಡಲೂಬಹುದು, ಮಂಡಿಗೆ ಒಯ್ಯಲೂಬಹುದು. ದಲ್ಲಾಳಿಗಳನ್ನು ಪೂರ್ತಿ ಹೊರಗಿಡಲು ಮಾತ್ರ ಕಂಪೆನಿಗೆ ಆಗಲಿಲ್ಲ. ಕೆಲವರು 'ಸಂಯೋಜಕ'ರೆಂಬ ಹೊಸ ಹೆಸರಿನಲ್ಲಿ ಕಮಿಷನ್‌ಗೆ ಅದರ ಕೆಲಸವನ್ನೇ ಮಾಡಿದರು!

ಅರ್ಥಶಾಸ್ತ್ರಜ್ಞೆ ಅಪರ್ಣಾ ಗೋಯಲ್ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಕೇಂದ್ರಗಳು ಬಂದ ಕಡೆ ಮಂಡಿಯಲ್ಲೇ ಸೋಯಾ ದರ ಶೇ 1ರಿಂದ 3ರಷ್ಟು ಏರಿತು. ಅಂಕಿ ಚಿಕ್ಕದೇ. ಆದರೆ ಇ-ಚೌಪಾಲ್‌ಗೆ ಕಾಲಿಡದ ರೈತನಿಗೂ ಅದು ಸಿಕ್ಕಿತೆಂಬುದು ಗಮನಿಸಬೇಕಾದ ಸಂಗತಿ. ಅತ್ತ ಮಂಡಿ ತಪ್ಪಿಸಿ ಹೋದ ಪ್ರತಿ ಮೂಟೆಯೂ ಹಮಾಲರ ಕೂಲಿಗೆ ಕತ್ತರಿಯೇ. ದರ ಹೇಳುವವನೇ ಕೊಳ್ಳುವವನೂ ಆಗಿರುವ ತೊಡಕೂ ಇತ್ತು.

ಕರ್ನಾಟಕ ಇದಕ್ಕೆ ಬೇರೆ ದಾರಿ ಹಿಡಿಯಿತು. ಮಂಡಿಯ ಹೊರಗೆ ಹೋಗುವ ಬದಲು 2014ರಿಂದ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯ ಮೂಲಕ ಎಪಿಎಂಸಿಗಳೊಳಕ್ಕೇ ಕಂಪ್ಯೂಟರ್ ತಂದಿತು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಇ-ನಾಮ್ ಕೂಡ ಇದೇ ಜಾಡಿನದು. ಈಗ ಪರವೂರಿನ ವರ್ತಕನೂ ಕೂತಲ್ಲಿಂದಲೇ ದರ ಕೂಗಬಹುದು. ಆದರೆ ಮಾಲನ್ನು ಕಣ್ಣಾರೆ ಕಾಣದೆ ಕೊಳ್ಳಬೇಕಾದರೆ ಗುಣಮಟ್ಟದ ಪರೀಕ್ಷೆಯ ಮೇಲೆ ಅವನಿಗೆ ನಂಬಿಕೆ ಇರಬೇಕು. ಅದಿಲ್ಲದ ಕಡೆ ಹಿಡಿ ಕಾಳು ಅಂಗೈಗೆ ಸುರಿದುಕೊಂಡು ನೋಡುವ ಸ್ಥಳೀಯ ವರ್ತಕನದೇ ಮೇಲುಗೈ.