ಕಡೆಯುವ ಕೈ

ಮಜ್ಜಿಗೆಯನ್ನು ಕಡೆಯುತ್ತೇವೆ, ಕಂಬವನ್ನೂ ಕಡೆಯುತ್ತಾರೆ. ಎರಡಕ್ಕೂ ನಮ್ಮಲ್ಲಿ ಒಂದೇ ಮಾತು. ಹಾವೇರಿಯ ಸಿದ್ಧೇಶ್ವರ ಗುಡಿಯ ಕಂಬಗಳನ್ನು ನೋಡಿದಾಗಲೆಲ್ಲ ನನಗಿದು ನೆನಪಾಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲನ್ನು ತಿರುಗಿಸುತ್ತ, ಉಳಿ ಹಿಡಿದು, ಬಳೆ ಪೇರಿಸಿದಂಥ ಆ ಸುತ್ತುಗಳನ್ನು ಬಿಡಿಸಿದರು. ನೆಲದಿಂದ ತೆಗೆದ ಹೊಸದರಲ್ಲಿ ಆ ಕಲ್ಲು ಮೆತ್ತಗಿರುತ್ತದೆ. ಗಾಳಿಗೆ ಆರಿದಂತೆ ಗಟ್ಟಿಯಾಗುತ್ತದೆ. ಮೆತ್ತಗಿರುವಾಗಲೇ ಕಡೆದುಕೊಳ್ಳಬೇಕು.

ಉಕ್ಕಿನ ಕಸುಬೂ ಹೀಗೆಯೇ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಅಲ್ಲಿ ಲೇತ್ ಯಂತ್ರಗಳು ತಯಾರಾದವು. ಆಗ ಹರಿಹರ ಮೈಸೂರು ಸಂಸ್ಥಾನದ್ದು. ತುಂಗಭದ್ರೆ ದಾಟಿದರೆ ಸಿಗುವ ರಾಣೆಬೆನ್ನೂರು ಮುಂಬಯಿ ಪ್ರಾಂತದ್ದು. 1956ರಲ್ಲಿ ಎರಡೂ ದಡಗಳು ಒಂದೇ ರಾಜ್ಯ ಸೇರಿದವು. ಕಾರ್ಖಾನೆ ಈಗಿಲ್ಲ. ಆದರೆ ಅಲ್ಲಿಯ ಲೇತುಗಳು ಸಣ್ಣ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ.

ಅಂಥ ಲೇತಿಗೆ ಅತಿ ಕಷ್ಟದ ಕೆಲಸ ದೊಡ್ಡದಲ್ಲ, ತೆಳ್ಳನೆಯದು. ಬ್ಯಾಡಗಿಯ ಖಾರದ ಗಿರಣಿಯಲ್ಲಿ ಬಳೆಯಂಥದೊಂದು ಉಕ್ಕಿನ ಬುಶ್ ಸವೆದರೆ ಗಿರಣಿ ನಿಲ್ಲುತ್ತದೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಕೂಲಿಗೂ ಕುತ್ತು. ಹೊಸ ಬುಶ್ ಬೇಕೆಂದರೆ ಉಕ್ಕು ಮೆತ್ತಗಿರುವಾಗ ಕಡೆದು, ಕೂದಲೆಳೆಯಷ್ಟು ಹೆಚ್ಚಿಗೆ ಉಳಿಸಿ, ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಗಾಜಿನಂತೆ ಸಿಡಿಯದಿರಲೆಂದು ಮತ್ತೆ ಹದವಾಗಿ ಬಿಸಿ ಮಾಡುತ್ತಾರೆ. ಇಷ್ಟರಲ್ಲಿ ಅದು ತುಸು ಸೊಟ್ಟಗಾಗಿರುತ್ತದೆ. ಉಳಿಸಿಕೊಂಡ ಎಳೆಯನ್ನು ಕಾರ್ಬೈಡ್ ಉಳಿಯಿಂದಲೋ ಸಾಣೆಕಲ್ಲಿನಿಂದಲೋ ತೆಗೆದು ಸರಿಪಡಿಸಬೇಕು.

ಪರೀಕ್ಷೆ ಇರುವುದು ಇಲ್ಲಿ. ಲೇತಿನ ಚಕ್ ಮೂರು ಹಲ್ಲುಗಳಿಂದ ಬುಶ್ಶನ್ನು ಕಚ್ಚಿ ಹಿಡಿಯುತ್ತದೆ. ತೆಳ್ಳನೆಯ ಉಕ್ಕು ಆ ಹಿಡಿತಕ್ಕೆ ಬಾಗುತ್ತದೆ. ಬಾಗಿದ್ದಾಗಲೇ ಒಳಗೆ ದುಂಡಗೆ ಕಡೆದರೆ, ಚಕ್ ಬಿಚ್ಚಿದೊಡನೆ ಅದು ಹಿಂದಿನ ರೂಪಕ್ಕೆ ಮರಳಿ, ದುಂಡಗಿದ್ದ ತೂತು ಮೂರು ಮೂಲೆಯಾಗುತ್ತದೆ! ಅದಕ್ಕೇ ಬಲ್ಲವರು ಸುತ್ತಲೂ ಸಮನಾಗಿ ಅಪ್ಪುವ, ಸೀಳಿದ ಉಂಗುರವೊಂದನ್ನು ಹೊರಗೆ ತೊಡಿಸಿ ಹಿಡಿಯುತ್ತಾರೆ. ಗಡಿಯಾರ ರಿಪೇರಿಯವರು ಸಣ್ಣ ಭಾಗಗಳನ್ನು ಅರಗಿನಿಂದ ಅಂಟಿಸಿ ಕಡೆಯುವುದುಂಟು. ನಮ್ಮ ಅಕ್ಕಸಾಲಿಗರೂ ತೆಳು ಬಂಗಾರವನ್ನು ಅರಗಿನ ಮೇಲೆ ಕೂಡಿಸಿಯೇ ಕೆತ್ತುತ್ತಾರಲ್ಲ! ಆಮೇಲೆ ಒಂದೊಂದು ಸುತ್ತಿಗೂ ಒಂದಿಷ್ಟೇ ತೆಗೆಯುತ್ತ ಹೋಗುವ ತಾಳ್ಮೆ ಬೇಕು.

ಬಿಗಿ ಹಿಡಿದರೆ ಕೆಡುತ್ತದೆ, ಸಡಿಲ ಬಿಟ್ಟರೆ ಹಾರುತ್ತದೆ. ಬಳೆಗಾರ ಹಸ್ತವನ್ನು ಮೆಲ್ಲಗೆ ಒತ್ತಿ ಬಳೆ ಏರಿಸುವಾಗಿನ ಹದವೇ ಇಲ್ಲಿಯೂ ಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ; ಕೈಯಿಂದ ಕೈಗೆ ಬರಬೇಕು. ಕಲಿಸುವ ದೊಡ್ಡ ಕಾರ್ಖಾನೆ ಮುಚ್ಚಿದ ಮೇಲೆ ಕೈಗಳೇ ಕಡಿಮೆಯಾಗಿವೆ. ಐ.ಟಿ.ಐ.ಗಳಲ್ಲಿ ಟರ್ನರ್ ಕೆಲಸವನ್ನು ಹುಡುಗಿಯರೂ ಕಲಿಯಬಹುದು. ನಿಮ್ಮ ಮಗಳು ಕಲಿಯುತ್ತೇನೆಂದರೆ ಬೇಡವೆನ್ನಬೇಡಿ.